ರಸ್ತೆ ಹಾಗೂ ಜಲಮಾರ್ಗಗಳಲ್ಲಿ ಬೆಳಕಿನ ಸಂಕೇತಗಳು

ವಾಹನ ಚಾಲನಾ ಕಲಿಕಾ ಪರವಾನಗಿ ಕೋರುವ ಅರ್ಜಿದಾರರು ಸಂಚಾರ ಚಿಹ್ನೆ ಹಾಗೂ ಸಂಕೇತಗಳನ್ನು ಅರಿತಿರುವುದು ಕಡ್ಡಾಯವಾಗಿರುತ್ತದೆ. ಕರಾವಳಿಯಲ್ಲಿ ದೋಣಿಯನ್ನೂ ನಡೆಸುವ ಅರ್ಜಿದಾರರ ತಿಳಿವಳಿಕೆಗಾಗಿ ಎರಡೂ ಬಗೆಯ ದೀಪಗಳನ್ನು ಇಲ್ಲಿ ವಿವರಿಸಲಾಗಿದೆ.

ರಸ್ತೆಯ ದೀಪಗಳು ಬಹುಪಾಲು ಪರಿಚಿತವೇ. ಕೆಂಪು ದೀಪವಿರುವಾಗ ನಿಲುಗಡೆ ಗೆರೆಯ ಹಿಂದೆ ನಿಲ್ಲತಕ್ಕದ್ದು. ಹಳದಿ ದೀಪವು ವೇಗ ಹೆಚ್ಚಿಸಿ ದಾಟಲು ನೀಡಿದ ಅವಕಾಶವಲ್ಲ. ಸುರಕ್ಷಿತವಾಗಿ ನಿಲ್ಲಲಾಗದಷ್ಟು ಸಮೀಪಿಸಿದ್ದಲ್ಲಿ ಮಾತ್ರ ಮುಂದುವರಿಯಬಹುದು. ಮಿನುಗುವ ಕೆಂಪು ದೀಪವಿದ್ದಲ್ಲಿ ಪೂರ್ಣವಾಗಿ ನಿಂತು, ದಾರಿ ತೆರವಿದ್ದರೆ ಸಾಗತಕ್ಕದ್ದು. ಮಿನುಗುವ ಹಳದಿ ದೀಪವಿದ್ದಲ್ಲಿ ವೇಗ ತಗ್ಗಿಸತಕ್ಕದ್ದು. 2019ರ ತಿದ್ದುಪಡಿಯಂತೆ ಕೆಂಪು ದೀಪದ ಉಲ್ಲಂಘನೆಯನ್ನು ಮೋಟಾರು ವಾಹನ ಕಾಯ್ದೆಯ 184ನೇ ಪ್ರಕರಣದಡಿ ಅಪಾಯಕಾರಿ ಚಾಲನೆಯ ವ್ಯಾಪ್ತಿಗೆ ಸೇರಿಸಲಾಗಿದೆ.

ಸಮುದ್ರದಲ್ಲಿ ಹಸಿರು ಎಂದರೆ ‘ಹೋಗಿ’ ಎಂದಲ್ಲ. ರಸ್ತೆಯ ರೂಢಿಯಲ್ಲಿ ಬೆಳೆದವರು ಎಡವುವುದು ಇಲ್ಲಿಯೇ. ಅಲ್ಲಿ ದೀಪವು ಅಪ್ಪಣೆಯನ್ನು ಕೊಡುವುದಿಲ್ಲ. ಎದುರಿನ ದೋಣಿಯ ಯಾವ ಬದಿ ಕಾಣುತ್ತಿದೆ ಎಂಬುದನ್ನು ತಿಳಿಸುತ್ತದೆ. 1972ರ ಅಂತರರಾಷ್ಟ್ರೀಯ ಸಮುದ್ರ ಡಿಕ್ಕಿ ತಡೆ ನಿಯಮಗಳ ಮೇರೆಗೆ, ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹಾಗೂ ಮಂಜು ಮಳೆಗಳಲ್ಲಿ, ಯಂತ್ರಚಾಲಿತ ದೋಣಿಯು ಎಡಬದಿಗೆ ಕೆಂಪು, ಬಲಬದಿಗೆ ಹಸಿರು, ಕಂಬದ ಮೇಲೆ ಮುಂದಕ್ಕೆ ಬಿಳಿ, ಹಿಂದಕ್ಕೂ ಬಿಳಿ ದೀಪವನ್ನು ಹೊಂದಿರತಕ್ಕದ್ದು. 12 ಮೀಟರಿಗಿಂತ ಚಿಕ್ಕ ದೋಣಿಗೆ ಎರಡು ಬಿಳಿ ದೀಪಗಳ ಬದಲು ಸುತ್ತಲೂ ಕಾಣುವ ಒಂದೇ ಬಿಳಿ ದೀಪ ಸಾಕು.

ಎರಡು ಯಂತ್ರಚಾಲಿತ ದೋಣಿಗಳ ಹಾದಿ ಅಡ್ಡಹಾಯುವಾಗ, ತನ್ನ ಬಲಗಡೆಯಿಂದ ಬರುವ ದೋಣಿಯ ಕೆಂಪು ದೀಪವನ್ನು ಕಾಣುವವನು ದಾರಿ ಬಿಡತಕ್ಕದ್ದು. ಹಸಿರನ್ನು ಕಾಣುವವನು ದಿಕ್ಕನ್ನೂ ವೇಗವನ್ನೂ ಕಾಯ್ದುಕೊಳ್ಳತಕ್ಕದ್ದು. ಕೆಂಪು, ಹಸಿರು ಎರಡೂ ನೇರವಾಗಿ ಎದುರಿಗೆ ಕಂಡಲ್ಲಿ ಇಬ್ಬರೂ ಬಲಕ್ಕೆ ತಿರುಗಬೇಕು. ರಸ್ತೆಯಲ್ಲಿ ಎಡಕ್ಕೆ ಸರಿಯುವ ಅಭ್ಯಾಸವು ಈ ಕ್ಷಣದಲ್ಲಿ ಪ್ರಾಣಾಪಾಯಕ್ಕೆ ಕಾರಣವಾಗಬಲ್ಲದು.

ಒಂದರ ಮೇಲೊಂದಾಗಿ ಮೇಲೆ ಹಸಿರು, ಕೆಳಗೆ ಬಿಳಿ ಕಂಡರೆ ಅದು ಟ್ರಾಲ್ ಬಲೆ ಎಳೆಯುತ್ತಿರುವ ದೋಣಿ; ಮೇಲೆ ಕೆಂಪಿದ್ದರೆ ಬೇರೆ ವಿಧಾನದ ಮೀನುಗಾರಿಕೆ. ಇಂತಹ ದೋಣಿಗಳಿಂದ ಇತರ ಯಂತ್ರಚಾಲಿತ ದೋಣಿಗಳು ದೂರವಿರತಕ್ಕದ್ದು. ಬಲೆ ಮೇಲೆತ್ತಿ ಬಂದರಿಗೆ ಮರಳುವಾಗಲೂ ಈ ದೀಪಗಳನ್ನು ಉರಿಸಿಟ್ಟರೆ ಇತರರು ತಪ್ಪು ತಿಳಿಯುತ್ತಾರೆ. ಅಟ್ಟದ ಮೇಲಿನ ಪ್ರಖರ ದೀಪಗಳು ಬದಿಯ ದೀಪಗಳನ್ನು ಮರೆಮಾಡುವಂತಿರಕೂಡದು.

12 ಮೀಟರಿಗಿಂತ ಚಿಕ್ಕ ದೋಣಿಯ ಬದಿಯ ದೀಪಗಳು ಕನಿಷ್ಠ 1 ನಾಟಿಕಲ್ ಮೈಲಿಯಿಂದ ಕಾಣುವಂತಿರಬೇಕು. ಉಪ್ಪು ಕಟ್ಟಿದ ಗಾಜಿನಿಂದ ಅದು ಸಾಧ್ಯವಾಗದು. ಕರ್ನಾಟಕದಲ್ಲಿ ಯಾಂತ್ರೀಕೃತ ಮೀನುಗಾರಿಕೆ ನಿಷೇಧವಿರುವ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ದೀಪ, ತಂತಿ ಹಾಗೂ ಬ್ಯಾಟರಿಗಳನ್ನು ಪರಿಶೀಲಿಸಿಕೊಳ್ಳುವುದು ಸೂಕ್ತ.