ಎದೆಬಾಡಿನ ತುಂಡು ಯಾರ ತಟ್ಟೆಗೆ?

"ತುಂಡು ಅವ್ರಿಗಿರ್ಲಿ, ನಂಗೆ ಸಾರೇ ಸಾಕು. ಸತ್ವ ಎಲ್ಲ ಸಾರ್ಗೇ ಇಳ್ದಿರ್ತದಲ್ವಾ ಸಿಸ್ಟರೇ?"

ತಾಳವಾಡಿ ಸೀಮೆಯ ಹಳ್ಳಿಗಳಲ್ಲಿ ನರ್ಸಾಗಿ ಓಡಾಡಿದ ಕಾಲದುದ್ದಕ್ಕೂ ಈ ಮಾತು ನನ್ನ ಬೆನ್ನು ಬಿಡಲಿಲ್ಲ. ಹೇಳುತ್ತಿದ್ದವರು ಹೆಚ್ಚಾಗಿ ಬಸುರಿಯರು, ಬಾಣಂತಿಯರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆಲ್ಲ ಬಿಳಿಚಿಕೊಂಡಿರುತ್ತಿತ್ತು. ಅವರ ಮನೆಯಲ್ಲಿ ಬಾಡು ಬೇಯುವುದಿಲ್ಲವೆಂದಲ್ಲ. ಬೇಯುತ್ತದೆ. ಬಡಿಸುವಾಗ ತುಂಡು ಮಾವನಿಗೆ, ಗಂಡನಿಗೆ, ಮಕ್ಕಳಿಗೆ ಹೋಗಿ, ತಳದ ಸಾರು ಬಡಿಸಿದವಳಿಗೆ ಉಳಿಯುತ್ತದೆ. ಅವಳಿಗೆ ಅದರ ಬೇಸರವೂ ಇಲ್ಲ, ಸತ್ವ ತನ್ನ ಪಾಲಿಗೇ ಬಂತು ಅಂದುಕೊಂಡಿರುತ್ತಾಳೆ. ಆ ನಂಬಿಕೆಯಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಯಾವುದು ಯಾವ ಅರ್ಧ ಅನ್ನುವುದನ್ನು ದನದ ಎದೆಬಾಡನ್ನೇ ಇಟ್ಟುಕೊಂಡು ಹೇಳುತ್ತೇನೆ. ಗಂಟೆಗಟ್ಟಲೆ ಬೆಂದು, ನೋಡುವವರ ಕಣ್ಣಿಗೆ ತನ್ನದೆಲ್ಲವನ್ನೂ ಸಾರಿಗೆ ಬಿಟ್ಟುಕೊಟ್ಟಂತೆ ಕಾಣುವ ಬಾಡು ಅದು.

ನಾನು ದನದ ಬಾಡು ತಿನ್ನುವ ಕೇರಿಯವಳು. ನಮ್ಮ ತಾಳವಾಡಿ ಈರೋಡ್ ಜಿಲ್ಲೆಯ ಮೇಲ್ಗಡೆ, ದಿಂಬಂ ಘಾಟಿಯ 27 ತಿರುವು ಹತ್ತಿದ ಮೇಲೆ ಸಿಗುವ ಸೀಮೆ. ಆ ಕಡೆ ಚಾಮರಾಜನಗರ. 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಸೇರಿತು, ನಾವು ಮದರಾಸಿನಲ್ಲೇ ಉಳಿದೆವು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು. ದೀಪಾವಳಿ ಮುಗಿದ ಬೆನ್ನಿಗೆ ಗುಮಟಾಪುರದಲ್ಲಿ ಸಗಣಿ ಉಂಡೆ ಎಸೆದಾಡುವ ಗೊರೆಹಬ್ಬ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ದನ ಇಲ್ಲಿ ದೇವರೂ ಹೌದು, ಗೊಬ್ಬರವೂ ಹೌದು, ಕೆಲವು ಕೇರಿಗಳಲ್ಲಿ ಊಟವೂ ಹೌದು. ಮೂರನೆಯದನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ನಾನು ಹೇಳುವುದು ಜಗಳ ತೆಗೆಯಲಿಕ್ಕಲ್ಲ, ತಿನ್ನದವರು ತಿನ್ನಲಿ ಅಂತಲೂ ಅಲ್ಲ. ಬಸುರಿಯರಿಗೆ ನಾವು ಹಂಚುತ್ತಿದ್ದ ಹಾಳೆಗಳಲ್ಲಿ ಮೊಟ್ಟೆ, ಮೀನು, ಈರಲು (ಲಿವರ್) ಇರುತ್ತಿದ್ದವು, ದನದ ಬಾಡಿನ ಹೆಸರು ಮಾತ್ರ ನಾನು ಕಾಣಲಿಲ್ಲ. ಹೆಸರೇ ಎತ್ತದ ಮೇಲೆ ಅದನ್ನು ಹೇಗೆ ಬೇಯಿಸಬೇಕು, ಎಷ್ಟು ತಿನ್ನಬೇಕು, ಯಾರು ತಿನ್ನಬೇಕು ಅಂತ ಹೇಳುವವರು ಯಾರು?

ಎದೆಬಾಡು ಅಂದರೆ ಮುಂಗಾಲುಗಳ ನಡುವೆ, ಕುತ್ತಿಗೆ ಮುಗಿದಲ್ಲಿಂದ ಕೆಳಗಿಳಿದ ಭಾಗ. ಸಾಬರ ಅಂಗಡಿಯಲ್ಲಿ ಅದು ಸೀನಾ, ಅಮೆರಿಕದವರಿಗೆ ಬ್ರಿಸ್ಕೆಟ್. ದನಕ್ಕೆ ನಮ್ಮ ಹಾಗೆ ಕಾಲರ್ ಮೂಳೆ ಇಲ್ಲ. ಮೈಯ ಅರ್ಧಕ್ಕಿಂತ ಹೆಚ್ಚು ಭಾರ ಮುಂಗಾಲಿನ ಮೇಲೆ ಬೀಳುತ್ತದೆ, ಆ ಭಾರ ಹೊರುವುದರಲ್ಲಿ ಎದೆಯ ಸ್ನಾಯುಗಳಿಗೆ ದೊಡ್ಡ ಪಾಲು. ನಿಂತಾಗ, ನಡೆದಾಗ, ಮಲಗಿ ಎದ್ದಾಗ ಎಳೆತ ತಿನ್ನುವುದು ಅವೇ. ಹಾಗೆ ದುಡಿದ ಬಾಡಿನಲ್ಲಿ ಎಳೆಎಳೆಯನ್ನೂ ಕಟ್ಟಿ ಹಿಡಿಯುವ ಕೊಲಾಜೆನ್ ಎಂಬ ನಾರು ಜಾಸ್ತಿ. ಆದ್ದರಿಂದಲೇ ಅದು ಗಟ್ಟಿ, ಆದ್ದರಿಂದಲೇ ಲೋಕದ ಎಷ್ಟೋ ಕಡೆ ಬಡವರ ಪಾಲಿಗೆ ಬಂದದ್ದೂ ಹೌದು.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಅದು ನೇರ ಒಲೆಗೇ ಬಂದು ಮುಟ್ಟುತ್ತದೆ. ಕರ್ನಾಟಕದ 2020ರ ಕಾಯಿದೆಯಲ್ಲಿ ಹಸು, ಕರು, ಎತ್ತು, ಹೋರಿ ಯಾವುದನ್ನೂ ಕಡಿಯುವಂತಿಲ್ಲ. 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ಪ್ರಮಾಣಪತ್ರದೊಂದಿಗೆ ಅವಕಾಶ. ನಮ್ಮ ತಮಿಳುನಾಡಿನಲ್ಲಿ 1958ರ ಕಾಯಿದೆ: 10 ವರ್ಷ ದಾಟಿ ಗೇಯಲಿಕ್ಕೂ ತಳಿಗೂ ಆಗದ ದನಕ್ಕೆ, ಇಲ್ಲವೇ ವಾಸಿಯಾಗದಂತೆ ಊನವಾದದ್ದಕ್ಕೆ ಪ್ರಮಾಣಪತ್ರ ಕೊಡಬಹುದು. ಹಸು, ಕಡಸುಗಳನ್ನು ಕಡಿಯಬಾರದು ಎಂದು 1976ರಲ್ಲಿ ಸರ್ಕಾರದ ಆದೇಶವೂ ಬಂತು. ಹೀಗಾಗಿ ಕಾಯಿದೆಯ ದಾರಿಯಲ್ಲೇ ನಮ್ಮ ಪಾತ್ರೆಗೆ ಬೀಳುವುದು ಹೆಚ್ಚಾಗಿ ಮುದಿ ಎತ್ತು ಅಥವಾ ಮುದಿ ಎಮ್ಮೆ. ಅಮೆರಿಕದ ಟೆಕ್ಸಾಸಿನಲ್ಲಿ ಎದೆಬಾಡನ್ನು 110–120 ಡಿಗ್ರಿ ಹೊಗೆಯಲ್ಲಿ ಹನ್ನೆರಡು ಗಂಟೆ, ಅದಕ್ಕೂ ಹೆಚ್ಚು ಇಟ್ಟು ಮೆತ್ತಗೆ ಮಾಡುತ್ತಾರೆ. ಆ ವಿಡಿಯೋಗಳನ್ನು ಫೋನಿನಲ್ಲಿ ನೋಡಿ ನಮ್ಮ ಹುಡುಗರು ತೋಟದಲ್ಲಿ ಇದ್ದಿಲು ಹೊತ್ತಿಸುತ್ತಾರೆ. ಅಲ್ಲಿನ ದನ ಹೆಚ್ಚಾಗಿ ಎರಡು ವರ್ಷದ ಆಸುಪಾಸಿನದು, ಮುಸುಕಿನ ಜೋಳ ತಿಂದು ಕೊಬ್ಬಿದ್ದು. ನಮ್ಮದು ಹತ್ತು ವರ್ಷ ನೊಗ ಹೊತ್ತದ್ದು. ವಯಸ್ಸಾದಂತೆ ಕೊಲಾಜೆನ್ ಎಳೆಗಳು ಒಂದಕ್ಕೊಂದು ಬೆಸೆದುಕೊಂಡು ಬಿಸಿಗೂ ಬಗ್ಗದಂತಾಗುತ್ತವೆ. ಒಣ ಹೊಗೆಯಲ್ಲಿಟ್ಟರೆ ಅದು ಚಪ್ಪಲಿ ಹೊಲಿಯಲಿಕ್ಕೆ ಆದೀತು. ಮುದಿ ಬಾಡಿಗೆ ನೀರು ಬೇಕು, ಮುಚ್ಚಳ ಬೇಕು, ಹೊತ್ತು ಬೇಕು. ಈ ವಿಷಯದಲ್ಲಿ ನಮ್ಮವ್ವನ ಮಡಕೆಗೇ ನನ್ನ ಓಟು.

ಮಡಕೆಯೊಳಗೆ ಆಗುವುದೇನು? ಬಿಸಿ 60–65 ಡಿಗ್ರಿಗೆ ಬಂದಾಗ ಕೊಲಾಜೆನ್ ಕುಗ್ಗಿ ಬಾಡಿನ ನೀರನ್ನು ಹಿಂಡಿಬಿಡುತ್ತದೆ. ಅರ್ಧ ಗಂಟೆ ಬೆಂದ ಎದೆಬಾಡು ಹಸಿಯದಕ್ಕಿಂತ ಗಟ್ಟಿಯಾಗಿರುವುದು ಅದಕ್ಕೇ. ಹೊಸದಾಗಿ ಅಡುಗೆ ಕಲಿಯುವವರು ಇಲ್ಲೇ ಧೈರ್ಯಗೆಟ್ಟು ಉರಿ ಜೋರು ಮಾಡುತ್ತಾರೆ. ಮಾಡಬಾರದು. 70 ಡಿಗ್ರಿ ದಾಟಿದ ಮೇಲೆ ಅದೇ ಕೊಲಾಜೆನ್ ನಿಧಾನವಾಗಿ ಕರಗಿ ಜೆಲಟಿನ್ ಆಗುತ್ತದೆ. ಸಾರಿಗೆ ತುಟಿಗೆ ಅಂಟುವ ಗುಣ ಬರುವುದು, ಮಾಗಿಯ ಬೆಳಗ್ಗೆ ತಂಗಳು ಸಾರು ಪಾತ್ರೆಯಲ್ಲಿ ಹೆಪ್ಪುಗಟ್ಟಿ ಕೂರುವುದು ಈ ಜೆಲಟಿನ್ನಿನಿಂದ. ಬೆಟ್ಟದ ಮೇಲೆ ಇನ್ನೊಂದು ತಾಪತ್ರಯವಿದೆ. ಪ್ರತಿ 300 ಮೀಟರ್ ಮೇಲೇರಿದಂತೆ ನೀರು ಸುಮಾರು ಒಂದು ಡಿಗ್ರಿ ಮೊದಲೇ ಕುದಿಯುತ್ತದೆ. ಹಾಸನೂರು, ದಿಂಬಂಗಳ ಎತ್ತರದಲ್ಲಿ 97 ಡಿಗ್ರಿ ಆಸುಪಾಸಿಗೇ ಕುದಿ ಬಂದುಬಿಡುತ್ತದೆ, ಎಷ್ಟೇ ಸೌದೆ ತುರುಕಿದರೂ ಅದಕ್ಕಿಂತ ಬಿಸಿ ಆಗುವುದಿಲ್ಲ. ಕೆಳಗೆ ಸತ್ಯಮಂಗಲದಲ್ಲಿ ಬೇಯುವುದಕ್ಕಿಂತ ಮೇಲೆ ತಡವಾಗುತ್ತದೆ ಎಂದು ಅತ್ತೆಯರು ಹೇಳುವುದು ಸೊಸೆಯ ಮೇಲಿನ ದೂರಷ್ಟೇ ಅಲ್ಲ. ಕುಕ್ಕರಿನಲ್ಲಾದರೆ 115–120 ಡಿಗ್ರಿ ಸಿಗುತ್ತದೆ, ಗಂಟೆಗಳು ನಿಮಿಷಗಳಿಗೆ ಇಳಿಯುತ್ತವೆ.

ಮಾಡುವ ಬಗೆ ನಮ್ಮ ಮನೆಯದ್ದು ಹೀಗೆ. ಒಂದು ಕೆ.ಜಿ. ಎದೆಬಾಡು, ಮೆತ್ತನೆ ಮೂಳೆ ಸಮೇತ. ದೊಡ್ಡ ತುಂಡಾಗಿದ್ದಾಗಲೇ ಒಂದೇ ನೀರಿನಲ್ಲಿ ಬೇಗ ತೊಳೆದು, ಆಮೇಲೆ ಎಳೆಗೆ ಅಡ್ಡವಾಗಿ ಕೊಯ್ಯಬೇಕು. ಕೊಯ್ದ ಮೇಲೆ "ರಕ್ತ ಹೋಗ್ಲಿ" ಅಂತ ನಾಲ್ಕು ನೀರು ಬದಲಿಸಿ ಬೆಳ್ಳಗಾಗುವ ತನಕ ಹಿಸುಕುವ ಪದ್ಧತಿಯನ್ನು ನಾನು ಎಷ್ಟು ಮನೆಗಳಲ್ಲಿ ಬಿಡಿಸಲು ನೋಡಿದೆನೋ! ಆ ಕೆಂಪು ಬಹುಪಾಲು ರಕ್ತವಲ್ಲ, ಸ್ನಾಯುವಿನೊಳಗಿನ ಮಯೋಗ್ಲೋಬಿನ್. ಕಬ್ಬಿಣ ಇರುವುದೇ ಅದರಲ್ಲಿ. ಬಿಳಿಚಿಕೊಂಡ ಹೆಂಗಸು ತನ್ನ ಕೈಯಾರೆ ಕಬ್ಬಿಣವನ್ನು ಬಚ್ಚಲಿಗೆ ಸುರಿಯುತ್ತಿರುತ್ತಾಳೆ.

ಅರಿಸಿನ, ಉಪ್ಪು ಸವರಿ ಅರ್ಧ ಗಂಟೆ ಇಟ್ಟು, ಬಾಡಿನದೇ ಕೊಬ್ಬಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಬಾಡಿಸಿ, ತುಂಡುಗಳನ್ನು ಕಂದು ಬಣ್ಣ ಬರುವ ತನಕ ಹುರಿಯಬೇಕು. ಮುಳುಗುವಷ್ಟು ಬಿಸಿನೀರು, ಎರಡು ಟೊಮೆಟೊ. ಹುಳಿ ಸೇರಿದರೆ ನಾರು ಬೇಗ ಸಡಿಲುತ್ತದೆ. ಸೌದೆ ಒಲೆಯಲ್ಲಿ ಸಣ್ಣ ಉರಿಗೆ ಮೂರು ಗಂಟೆ ಚಿಲ್ಲರೆ. ಕುಕ್ಕರಿನಲ್ಲಾದರೆ ಮೊದಲ ಕೂಗಿನ ಮೇಲೆ ಸಣ್ಣ ಉರಿಯಲ್ಲಿ 40–45 ನಿಮಿಷ, ಆಮೇಲೆ ಆವಿ ತಾನೇ ಇಳಿಯಲು ಬಿಡುವುದು. ಹುರಿದ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಮೆಣಸು, ಚಕ್ಕೆ, ಲವಂಗ, ಸ್ವಲ್ಪ ಹುರಿಗಡಲೆ, ತೆಂಗಿನಕಾಯಿ ಅರೆದು ಕೊನೆಗೆ ಹಾಕಬೇಕು. ಖಾರ ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ನೆನೆಸಿದ ಹುರುಳಿಕಾಳು ಸೇರಿಸಿದರೆ ಒಂದು ಕೆ.ಜಿ. ಬಾಡು ಹತ್ತು ಜನಕ್ಕೆ ಬರುತ್ತದೆ. ಪರಂಗಿಕಾಯಿ ತುರಿ ಹಾಕುವವರಿದ್ದಾರೆ. ಅದರ ಪಪೇನ್ ಸ್ನಾಯುವನ್ನೂ ನಾರನ್ನೂ ಭೇದವಿಲ್ಲದೆ ಕತ್ತರಿಸುತ್ತದೆ, ತುಸು ಹೆಚ್ಚಾದರೆ ಬಾಡು ಹಿಟ್ಟುಹಿಟ್ಟು. ಹೊತ್ತಿದ್ದರೆ ಅದು ಬೇಡ.

ಈಗ ಸತ್ವದ ಲೆಕ್ಕ. ಸಾರಿಗೆ ಇಳಿಯುವುದು ಜೆಲಟಿನ್, ಉಪ್ಪು, ಕರಗಿದ ಕೊಬ್ಬು, ನೀರಲ್ಲಿ ಕರಗುವ ಬಿ ವಿಟಮಿನ್ನುಗಳಲ್ಲಿ ಒಂದಿಷ್ಟು, ರುಚಿಯಂತೂ ಪೂರ್ತಿ. ಅಷ್ಟರ ಮಟ್ಟಿಗೆ ಹೆಂಗಸರ ಮಾತು ನಿಜ. ಜೆಲಟಿನ್ ಪ್ರೋಟೀನೇ ಆದರೂ ಟ್ರಿಪ್ಟೊಫಾನ್ ಎಂಬ ಅಗತ್ಯದ ಅಂಶ ಅದರಲ್ಲಿಲ್ಲ, ಅದೊಂದನ್ನೇ ನಂಬಿ ಮೈ ಕಟ್ಟಿಕೊಳ್ಳಲಾಗದು. ಕಬ್ಬಿಣ? ಬಿಸಿ ತಾಗಿದೊಡನೆ ಮಯೋಗ್ಲೋಬಿನ್ ಗಟ್ಟಿಯಾಗಿ ಕಬ್ಬಿಣದ ಸಮೇತ ತುಂಡಿನಲ್ಲೇ ಕೂತುಬಿಡುತ್ತದೆ. ಸತುವಿನ ಹೆಚ್ಚಿನ ಪಾಲೂ ಅಲ್ಲೇ. ಬೆಂದ ಎದೆಬಾಡಿನ 100 ಗ್ರಾಂ ಅಂದರೆ ಹೆಚ್ಚುಕಡಿಮೆ 28–30 ಗ್ರಾಂ ಪ್ರೋಟೀನ್, 2.5 ಮಿಲಿಗ್ರಾಂ ಕಬ್ಬಿಣ, 6 ಮಿಲಿಗ್ರಾಂ ಸತು, ಒಂದು ದಿನಕ್ಕೆ ಸಾಲುವಷ್ಟು ಬಿ12. ಈ ಬಿ12 ಗಿಡಮರದ ಊಟದಲ್ಲಿ ಸಿಗುವುದೇ ಇಲ್ಲ. ಇವು ಅಮೆರಿಕದ ದನವನ್ನು ಅಳೆದ ಅಂಕಿಗಳು. ಕಾಡಂಚಿನಲ್ಲಿ ಮೇಯ್ದ ನಮ್ಮ ದನದಲ್ಲಿ ಕೊಬ್ಬು ಅಷ್ಟಿರುವುದಿಲ್ಲ.

2.5 ಮಿಲಿಗ್ರಾಂ ಅಷ್ಟೇನಾ ಅನ್ನಿಸಬಹುದು. 100 ಗ್ರಾಂ ರಾಗಿಯಲ್ಲಿ 4.6 ಇದೆ. ಹೆಂಗಸಿಗೆ ದಿನಕ್ಕೆ 29 ಬೇಕು ಅನ್ನುತ್ತದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ. ಅಷ್ಟು ದೊಡ್ಡ ಅಂಕಿ ಯಾಕೆಂದರೆ ನಮ್ಮ ಅನ್ನ, ಮುದ್ದೆಯ ಊಟದ ಕಬ್ಬಿಣದಲ್ಲಿ ಮೈಗೆ ಹತ್ತುವುದು ನೂರಕ್ಕೆ ಎಂಟರಷ್ಟೇ ಎಂದು ಅವರು ಹಿಡಿದಿದ್ದಾರೆ. ಬಾಡಿನಲ್ಲಿರುವ ಹೀಮ್ ಕಬ್ಬಿಣ ನೂರಕ್ಕೆ 15ರಿಂದ 35ರವರೆಗೂ ಹತ್ತುತ್ತದೆ. ತುಂಬ ಹೊತ್ತು ಬೇಯಿಸಿದರೆ ಹೀಮ್‌ನ ಒಂದು ಪಾಲು ಒಡೆದು ಸಾಧಾರಣ ಕಬ್ಬಿಣವಾಗುತ್ತದೆ ನಿಜ, ಆದರೂ ಲಾಭದ್ದೇ. ಇನ್ನೊಂದು ಉಪಕಾರವೂ ಇದೆ. ಬಾಡು ಜೊತೆಗಿದ್ದರೆ ಅದೇ ಊಟದ ರಾಗಿ, ಹುರುಳಿ, ಸೊಪ್ಪಿನ ಕಬ್ಬಿಣವೂ ಹೆಚ್ಚು ಹತ್ತುತ್ತದೆ. ಹಾಗಾಗಿ ನಾಲ್ಕು ತುಂಡು ಒಬ್ಬನಿಗೆ ಹೋಗುವುದಕ್ಕಿಂತ ಎರಡೆರಡು ಇಬ್ಬರ ಮುದ್ದೆಯ ಪಕ್ಕಕ್ಕೆ ಬೀಳುವುದು ಮೇಲು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರ ಪೈಕಿ ರಕ್ತಹೀನತೆ ಇದ್ದವರು ತಮಿಳುನಾಡಿನಲ್ಲಿ ನೂರಕ್ಕೆ 53, ಕರ್ನಾಟಕದಲ್ಲಿ 48. ಇಷ್ಟು ದೊಡ್ಡ ಕಾಯಿಲೆಗೆ ಬಾಡೊಂದೇ ಮದ್ದು ಎಂದು ನಾನು ಹೇಳಲಾರೆ. ಬಸುರಿಗೆ ಕೊಡುವ ಒಂದು ಕೆಂಪು ಮಾತ್ರೆಯಲ್ಲೇ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ರಕ್ತದ ಹಿಮೋಗ್ಲೋಬಿನ್ 7ಕ್ಕೆ ಇಳಿದವಳಿಗೆ ಎದೆಬಾಡು ತಿನ್ನಿಸುತ್ತಾ ಕೂರುವುದು ಮೂರ್ಖತನ, ಆಸ್ಪತ್ರೆಗೆ ಕರೆದೊಯ್ಯಬೇಕು. ಗಂಡಸರಿಗೂ ಒಂದು ಮಾತಿದೆ. ಕೊಬ್ಬು ತೆಗೆಯದ ಹಸಿ ಎದೆಬಾಡಿನಲ್ಲಿ 100 ಗ್ರಾಂಗೆ ಸುಮಾರು 19 ಗ್ರಾಂ ಕೊಬ್ಬು, 250 ಕ್ಯಾಲೊರಿ. ಕೊಬ್ಬು ಬಿಡಿಸಿದರೆ ಅದು 7 ಗ್ರಾಂ, 155 ಕ್ಯಾಲೊರಿಗೆ ಇಳಿಯುತ್ತದೆ. ಸಾರು ರಾತ್ರಿ ಆರಿ ಮೇಲೆ ಕಟ್ಟಿದ ಬಿಳಿ ಕೆನೆಯನ್ನು ಬೆಳಗ್ಗೆ ತೆಗೆದರೆ ಬಿಪಿ, ಸಕ್ಕರೆ ಇರುವ ಮಾವನಿಗೆ ಒಳ್ಳೆಯದು. ವಾರಕ್ಕೆ ಬೆಂದ ಕೆಂಪು ಬಾಡು 350ರಿಂದ 500 ಗ್ರಾಂ ದಾಟದಿರಲಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯ ಸಲಹೆ. ನಮ್ಮ ಹೆಂಗಸರಿಗೆ ಆ ಮಿತಿ ದಾಟುವ ಭಯವಿಲ್ಲ.

ಉಳಿದ ಬಾಡನ್ನು ಉಪ್ಪು, ಅರಿಸಿನ ಹಚ್ಚಿ ಒಲೆಯ ಮೇಲಿನ ಹಗ್ಗಕ್ಕೆ ನೇತುಹಾಕಿ ಕೊರಬಾಡು ಮಾಡುವುದುಂಟು. ಅದಕ್ಕೆ ತೊಡೆಯ ಬಾಡೇ ಆಗಬೇಕು. ಎದೆಯ ಕೊಬ್ಬು ಕಮಟುತ್ತದೆ, ಅದನ್ನು ತಂದ ದಿನವೇ ಬೇಯಿಸುವುದು ಒಳ್ಳೆಯದು. ನಮ್ಮ ಹಿರಿಯರ ಕೊರಬಾಡು ಬಹಳಷ್ಟು ಸತ್ತ ದನದ್ದು. ಊರಿನವರು ಎಳೆದು ಹಾಕಿಸಿದ್ದು, ಇವರು ಬೇರೆ ದಾರಿಯಿಲ್ಲದೆ ತಿಂದದ್ದು. 1927ರಲ್ಲಿ ಮಹಾಡ್‌ನಲ್ಲಿ ಅಂಬೇಡ್ಕರ್ ಸತ್ತ ದನ ತಿನ್ನುವುದನ್ನು ಬಿಡಿ ಎಂದದ್ದು ಮಾನದ ಮಾತು. ನರ್ಸಾಗಿ ನಾನು ಆರೋಗ್ಯದ ಮಾತನ್ನೂ ಸೇರಿಸುತ್ತೇನೆ: ಕಾಯಿಲೆಯಿಂದ ಸತ್ತ ದನದಲ್ಲಿ ಆಂತ್ರಾಕ್ಸ್ ಇದ್ದರೆ ಮನೆಯ ಕುದಿಗೆ ಅದರ ಬೀಜಾಣು ಸಾಯುತ್ತದೆಂದು ನಂಬುವಂತಿಲ್ಲ. ಮುಟ್ಟುವುದೂ ಬೇಡ.

ಕೊನೆಗೆ ಟೀ. ಬಾಡೂಟ ಮುಗಿದ ಕೈ ಒಣಗುವ ಮೊದಲೇ ನಮ್ಮಲ್ಲಿ ಕಡುಟೀ ಬರುತ್ತದೆ. ಅದರ ಒಗರು ರಾಗಿ, ಹುರುಳಿಯ ಕಬ್ಬಿಣವನ್ನು ಕಟ್ಟಿಹಾಕಿ ಅರ್ಧಕ್ಕೂ ಹೆಚ್ಚನ್ನು ಹಾಳುಮಾಡುತ್ತದೆ. ಹೀಮ್ ಕಬ್ಬಿಣಕ್ಕೆ ಅಷ್ಟು ತೊಂದರೆಯಿಲ್ಲ. ಊಟದ ಜೊತೆ ನಿಂಬೆಹಣ್ಣು ಹಿಂಡಿಕೊಂಡು, ಟೀಯನ್ನು ಒಂದು ಗಂಟೆ ಮುಂದೆ ಹಾಕಿ ಎಂದರೆ ತುಂಡಿನ ವಿಷಯಕ್ಕೆ ಒಪ್ಪಿದ ಅತ್ತೆಯರೂ ಮುಖ ಸಿಂಡರಿಸುತ್ತಾರೆ. "ತುಂಡು ಬೇಕಾರೆ ಸೊಸೆಗೇ ಇನ್ನೊಂದ್ ಹಾಕ್ತೀನಿ, ಟೀ ಬುಡಾಕಾಗಲ್ಲ ಕನವ್ವ" ಎಂದು ಒಬ್ಬಾಕೆ ನನ್ನೆದುರೇ ಸೌಟು ಎತ್ತಿ ಸೊಸೆಯ ತಟ್ಟೆಗೆ ಬಡಿಸಿದ್ದಳು. ಆ ಚೌಕಾಸಿಗೆ ನಾನು ಒಪ್ಪಿಕೊಂಡೆ.