ಬೆನ್ನಟ್ಟುವ ವೇಗ, ತಡೆಯುವ ವಿವೇಕ

ಬೀದರ್ ಜಿಲ್ಲೆಯ ಭೂಪಟ ಬಿಡಿಸಿ ನೋಡಿದರೆ ಒಂದು ಸಂಗತಿ ಥಟ್ಟನೆ ಕಣ್ಣಿಗೆ ಬೀಳುತ್ತದೆ. ಭಾಲ್ಕಿ, ಔರಾದ್‌ನಿಂದ ಹೊರಟ ವಾಹನಕ್ಕೆ ಮಹಾರಾಷ್ಟ್ರದ ಗಡಿ ದೂರವಲ್ಲ. ಬೀದರ್ ನಗರದಿಂದ ತೆಲಂಗಾಣವಂತೂ ಇನ್ನೂ ಹತ್ತಿರ. ತಪ್ಪು ಮಾಡಿ ಓಡುವವನಿಗೆ ಇದು ಅನುಕೂಲ. ಬೆನ್ನಟ್ಟುವ ಪೊಲೀಸರಿಗೆ ಗಡಿ ದಾಟುವ ಮೊದಲೇ ಹಿಡಿಯಬೇಕೆಂಬ ಆತುರ. ಈ ಓಟದ ನಡುವೆ ಸಿಕ್ಕಿಕೊಳ್ಳುವವರು ಮಾತ್ರ ಶಾಲೆ ಬಿಟ್ಟು ಸೈಕಲ್ ತುಳಿಯುವ ಮಕ್ಕಳು, ಸಂತೆಯಿಂದ ಮರಳುವವರು, ಕಬ್ಬು ಹೇರಿದ ಟ್ರ್ಯಾಕ್ಟರ್‌ನವರು.

ವೇಗದ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡ ಚಾಲಕ ಬ್ರೇಕ್ ಒತ್ತುವಷ್ಟರಲ್ಲಿ ಒಂದು ಸೆಕೆಂಡ್ ಕಳೆಯಿತೆನ್ನಿ. ಒಣ ಡಾಂಬರು ರಸ್ತೆ, ಒಳ್ಳೆಯ ಬ್ರೇಕ್ ಇದ್ದರೂ ಕಾರು ನಿಲ್ಲಲು ಮತ್ತೆ 20 ಮೀಟರ್ ಬೇಕು. ಒಟ್ಟು 37 ಮೀಟರ್. ಅದೇ ಕಾರು 120 ಕಿ.ಮೀ. ವೇಗದಲ್ಲಿದ್ದರೆ ಸುಮಾರು 113 ಮೀಟರ್ ಬೇಕು! ವೇಗ ಎರಡು ಪಟ್ಟಾದರೆ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ ಎಂಬ ಪ್ರೌಢಶಾಲೆಯ ಪಾಠದ ಅರ್ಥ ಇದೇ. ಹಿಂದಿನ ವಾಹನ ಸಮೀಪಿಸಿದಷ್ಟೂ ಮುಂದಿನವನು ವೇಗ ಹೆಚ್ಚಿಸುತ್ತಾನೆ. ಈ ನಿಯಮ ಕಳ್ಳನಿಗೂ ಪೊಲೀಸರಿಗೂ ಒಂದೇ.

ಜಿಲ್ಲೆಯ ಎರಡು ಘಟನೆಗಳು

2025ರ ಜನವರಿ 16ರಂದು ಬೀದರ್‌ನಲ್ಲಿ ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಗುಂಡು ಹಾರಿಸಿ, ಒಬ್ಬರನ್ನು ಕೊಂದು, ದರೋಡೆಕೋರರು ಬೈಕ್‌ನಲ್ಲಿ ಪರಾರಿಯಾದರು. ಅದೇ ದಿನ ಸಂಜೆ ಹೈದರಾಬಾದ್‌ನ ಅಫ್ಜಲ್‌ಗಂಜ್‌ನಲ್ಲಿ ಮತ್ತೊಬ್ಬರ ಮೇಲೆ ಗುಂಡು ಹಾರಿತು. ಇಂಥ ಶಸ್ತ್ರಧಾರಿಗಳನ್ನು ಬಿಡಲಾಗದು, ನಿಜ. ಆದರೆ ಇಲ್ಲಿಯೂ ತನಿಖೆಗೆ ದಾರಿ ತೋರಿದ್ದು ಬೀದಿಯ ಕ್ಯಾಮೆರಾಗಳು. ಗಡಿ ಜಿಲ್ಲೆಯಲ್ಲಿ ನೆರೆರಾಜ್ಯದ ಠಾಣೆಗೆ ತಕ್ಷಣ ಮುಟ್ಟುವ ಸುದ್ದಿ ಯಾವ ಜೀಪಿಗಿಂತಲೂ ವೇಗವಾಗಿ ಓಡಬಲ್ಲದು.

ಇನ್ನೊಂದು ಘಟನೆ 2018ರ ಜುಲೈನದು. ಮಕ್ಕಳ ಕಳ್ಳರೆಂಬ ವಾಟ್ಸಾಪ್ ವದಂತಿ ನಂಬಿದ ಜನ, ಕಾರಿನಲ್ಲಿ ಪಾರಾಗಲು ಯತ್ನಿಸಿದ ಯುವಕರನ್ನು ಔರಾದ್ ಭಾಗದ ಮುರ್ಕಿಯಲ್ಲಿ ರಸ್ತೆಗೆ ಅಡ್ಡಗಟ್ಟಿದರು. ಕಾರು ಉರುಳಿತು. ಗುಂಪಿನ ಹೊಡೆತಕ್ಕೆ ನಿರಪರಾಧಿಯೊಬ್ಬ ಬಲಿಯಾದ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಅಲ್ಲಿ ಬೆನ್ನಟ್ಟಿದವರು ಪೊಲೀಸರಲ್ಲ. ಆದರೂ ಓಡುವವನೆಲ್ಲ ಅಪರಾಧಿ ಎಂಬ ಆತುರ ಎಲ್ಲಿಗೆ ಮುಟ್ಟಿಸುತ್ತದೆಂಬುದಕ್ಕೆ ಮುರ್ಕಿ ಸಾಕ್ಷಿ.

ನಿಯಮವಿದೆ, ಪಾಲನೆ ಬೇಕು

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಹೆಲ್ಮೆಟ್ ತಪಾಸಣೆಗೆ ತಡೆದಾಗ ಬೈಕ್ ಉರುಳಿ, ತಂದೆ ತಾಯಿಯ ಜತೆಗಿದ್ದ ಪುಟ್ಟ ಮಗು ಸಾವಿಗೀಡಾಯಿತು. ಆ ಬಳಿಕ ರಾಜ್ಯದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಸುತ್ತೋಲೆ ಹೊರಡಿಸಿದರು. ರಸ್ತೆಗೆ ಹಠಾತ್ತನೆ ನುಗ್ಗಿ ವಾಹನ ತಡೆಯಬಾರದು, ಕೀಲಿ ಕಸಿಯಬಾರದು, ಅತಿವೇಗದ ವಾಹನವನ್ನು ಬೆನ್ನಟ್ಟದೆ ಅದರ ನೋಂದಣಿ ಸಂಖ್ಯೆಯನ್ನು ಕಂಟ್ರೋಲ್ ರೂಮಿಗೆ ತಿಳಿಸಬೇಕು ಎಂಬುದು ಅದರ ಸಾರ. ಅಮೆರಿಕದಲ್ಲಿ 2023ರಲ್ಲಿ ಪೊಲೀಸ್ ಎಕ್ಸಿಕ್ಯುಟಿವ್ ರಿಸರ್ಚ್ ಫೋರಂ ಪ್ರಕಟಿಸಿದ ಕೈಪಿಡಿಯೂ ಹಿಂಸಾತ್ಮಕ ಅಪರಾಧ ನಡೆದು, ಶಂಕಿತನಿಂದ ಮತ್ತೆ ಹಾನಿಯ ಭಯವಿದ್ದರೆ ಮಾತ್ರ ಬೆನ್ನಟ್ಟಿ ಎನ್ನುತ್ತದೆ.

ಸುತ್ತೋಲೆ ಕಡತದಲ್ಲೇ ಉಳಿದರೆ ಪ್ರಯೋಜನವಿಲ್ಲ. ಬೆನ್ನಟ್ಟುವ ಅನಿವಾರ್ಯತೆ ಬಂದಾಗ 'ನಿಲ್ಲಿಸಿ' ಎನ್ನುವ ಅಧಿಕಾರ ಜೀಪಿನಲ್ಲಿ ಕುಳಿತವರಿಗಿಂತ ಕಂಟ್ರೋಲ್ ರೂಮಿನ ಅಧಿಕಾರಿಗೆ ಇರಬೇಕು. ಪ್ರತಿ ಪ್ರಸಂಗದ ಕಾರಣ, ವೇಗ, ಪರಿಣಾಮ ದಾಖಲಾಗಿ ಮೇಲಧಿಕಾರಿಯ ಪರಿಶೀಲನೆಗೆ ಬರಬೇಕು. 2006ರ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ರಾಜ್ಯ ಮತ್ತು ಜಿಲ್ಲಾ ಮಟ್ಟದ ಪೊಲೀಸ್ ದೂರು ಪ್ರಾಧಿಕಾರಗಳು ಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ್ದು ಇಂಥ ಮೇಲ್ವಿಚಾರಣೆಗಾಗಿಯೇ.

ಮನೆಯಲ್ಲಿ ಆಗಬೇಕಾದ್ದು

ಪೊಲೀಸರನ್ನು ಕಂಡು ಓಡುವವರೆಲ್ಲ ದರೋಡೆಕೋರರಲ್ಲ. ಲೈಸೆನ್ಸ್ ಇಲ್ಲದ ಹುಡುಗ ದಂಡಕ್ಕೆ ಹೆದರಿಯೋ ಅಪ್ಪನ ಬೈಗುಳಕ್ಕೆ ಅಂಜಿಯೋ ಗಾಡಿ ತಿರುಗಿಸುತ್ತಾನೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಡಿ, ಅಪ್ರಾಪ್ತ ವಯಸ್ಕರು ವಾಹನ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಆದ್ದರಿಂದ ಕೀಲಿ ಕೊಡದಿರುವುದು ಮೊದಲ ಪಾಠ. ಪೊಲೀಸರು ಕೈ ಮಾಡಿದರೆ ಎಡಕ್ಕೆ ಸರಿದು ನಿಲ್ಲುವುದು ಎರಡನೆಯದು. ಸಂಶಯ ಬಂದರೆ ತಾವೇ ಅಟ್ಟಿಸಿಕೊಂಡು ಹೋಗದೆ 112ಕ್ಕೆ ಕರೆ ಮಾಡುವುದು ಮೂರನೆಯದು. ದಂಡ ಎಷ್ಟಾದರೂ ದುಡಿದು ಕಟ್ಟಬಹುದು. ಹೋದ ಜೀವವನ್ನು ತರಲಾಗದು.