ಬೇವಿನೆಣ್ಣೆ ಕೂಸಿನ ಬಾಯಿಗೆ ಬೇಡ

ಯುಗಾದಿಯಂದು ಬೆಲ್ಲದೊಡನೆ ನಾಲ್ಕು ಬೇವಿನ ಹೂವು ತಿಂದರೆ ತೊಂದರೆಯೇನಿಲ್ಲ. ಎಲೆ ಕುದಿಸಿದ ನೀರಿನ ಸ್ನಾನ ನವೆಗೆ ಹಿತ. ‘ಅಮ್ಮ’ ಬಂದಾಗ ಹಾಸಿಗೆಗೆ ಬೇವಿನೆಲೆ ಹಾಸುವುದನ್ನೂ ನಾವು ಬೇಡವೆನ್ನಲಾರೆವು. ವೈದ್ಯರಿಗೆ ತೋರಿಸುವುದನ್ನು ಮಾತ್ರ ಬಿಡಬಾರದು.

ಎಣ್ಣೆಯ ಮಾತೇ ಬೇರೆ. ಕೆರಗೋಡು ಕಡೆಯ ರೈತರಿಗೆ ಬೇವಿನ ಬೀಜ ಬೆಳೆಯ ಹುಳುವನ್ನು ದೂರವಿಡುತ್ತದೆಂದು ಹೇಳಿಕೊಡಬೇಕಾಗಿಲ್ಲ. ಅದೇ ಬೀಜದ ಎಣ್ಣೆಯನ್ನು ಶೀತ, ಜಂತುಹುಳು ಎಂದು ಎಳೆಗೂಸಿಗೆ ಕುಡಿಸುವುದು ಅಪಾಯ. ಹೀಗೆ ಕುಡಿದ ಶಿಶುಗಳ ವಿವರವನ್ನು ಮಲೇಷ್ಯಾದ ವೈದ್ಯರು 1981ರಲ್ಲೇ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಕೆಲವೇ ಗಂಟೆಗಳಲ್ಲಿ ವಾಂತಿ, ಮಂಪರು, ಏದುಸಿರು, ಬಳಿಕ ಸೆಳವು. ಯಕೃತ್ತಿಗೂ ಮೆದುಳಿಗೂ ಪೆಟ್ಟು. ಪ್ರಾಣಹಾನಿಯೂ ಆಗಿದೆ. ಒಂದು ಚಮಚದಿಂದ ಏನಾದೀತು ಎನ್ನಬೇಡಿ, ಕೂಸಿಗೆ ಅಷ್ಟೇ ಸಾಕು.

ಅಕಸ್ಮಾತ್ ಕುಡಿಸಿದ್ದರೆ ವಾಂತಿ ಮಾಡಿಸಲು ಹೋಗದೆ, ಲಕ್ಷಣಗಳಿಗೆ ಕಾಯದೆ, ಸೀಸೆಯ ಸಮೇತ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ.

ಗರ್ಭಿಣಿಯರು, ಗರ್ಭ ಧರಿಸಬಯಸುವವರು ಬೇವಿನೆಣ್ಣೆಯನ್ನೂ ಕಷಾಯವನ್ನೂ ಸೇವಿಸಕೂಡದು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರು ಬೇವಿನ ರಸವನ್ನೂ ಕುಡಿದರೆ ರಕ್ತದ ಸಕ್ಕರೆ ತೀರಾ ಇಳಿಯಬಹುದು. ಮೊದಲು ವೈದ್ಯರನ್ನು ಕೇಳಿ. ಎಣ್ಣೆಯ ಸೀಸೆಗೆ ಚೀಟಿ ಅಂಟಿಸಿ, ಗ್ರೈಪ್ ವಾಟರ್ ಇಡುವ ಗೂಡಿನಿಂದ ದೂರವಿಡಿ.